ಐದು ಮಿಲಿ ಓಮ್

ಬಂದರಿನಲ್ಲಿ, ಹಗ್ಗದಂಗಡಿಯ ಮೇಲೆ ನನ್ನ ರಿಪೇರಿ ಮೇಜು.
ಜೂನ್ ಕಳೆಯುತ್ತ ಬಂದಿತ್ತು, ಬೋಟುಗಳೆಲ್ಲ ದಕ್ಕೆಯಲ್ಲಿ
ಮೈಗೆ ಮೈ ತಾಗಿಸಿ ರಜೆಯಲ್ಲಿದ್ದವು.
ಲೋಕಯ್ಯ ಪುತ್ರನ್ ಮೆಟ್ಟಿಲು ಹತ್ತಿ ಬಂದರು, ಏದುಸಿರು:
“ದಿನಾ ಬೆಳಿಗ್ಗೆ ಬ್ಯಾಟರಿ ಡೌನು ಮಾರಾಯ್ತಿ.
ನೀರೆತ್ತುವ ಪಂಪು ಏಳುವುದೇ ಇಲ್ಲ. ಇನ್ನೆರಡು ಮಳೆಗೆ
ಬೋಟು ನಿಂತಲ್ಲೇ ಮುಳುಗೀತು.
ಕಳ್ಳ ಯಾರಂತ ಗೊತ್ತುಂಟು. ಲೆಕ್ಕ ಬೇಕು, ಅಷ್ಟೆ.”

ಕಳ್ಳನ ಹೆಸರು ಬಿಚಿತ್ರ ಬೆಹೆರಾ. ಗಂಜಾಂ ಕಡೆಯ ಹುಡುಗ,
ರಾತ್ರಿ ಬೋಟು ಕಾಯುವವನು. ಅವನ ಊರಲ್ಲಿ
ಹಾಗೆ ಹೆಸರಿಡುತ್ತಾರೆ, ಇಲ್ಲಿ ಕರೆದು ಕರೆದು ನಗುತ್ತಾರೆ.
ಬ್ಯಾಟರಿಯಿಂದ ಫೋನು ಚಾರ್ಜು ಮಾಡುತ್ತಾನೆ, ಅದು ನಿಜ.
ಎರಡು ವಾರದ ಬಟವಾಡೆ ಆಗಲೇ ಹಿಡಿದಾಗಿತ್ತು.

ಹರಿವಿನ ದಾರಿಯಲ್ಲಿ ಒಂದು ಲೋಹದ ಪಟ್ಟಿ ಇಟ್ಟೆ.
ಐದು ಮಿಲಿ ಓಮ್. ತಡೆಯೆಂದರೂ ತಡೆಯಲ್ಲ,
ಹೊಸ್ತಿಲಿನಷ್ಟೇ: ದಾಟುವ ಕಾಲಿಗೆ ಗೊತ್ತಾಗಬೇಕು,
ಎಡವಬಾರದು.
ಏನನ್ನೂ ಅಡ್ಡಗಟ್ಟದೆ ಏನನ್ನೂ ಅಳೆಯಲಾಗದು,
ಬೆಂಜಮಿನ್ ಸರ್ ಹೇಳುತ್ತಿದ್ದರು, ನಶ್ಯ ಏರಿಸುತ್ತ.
ಅಡ್ಡಗಟ್ಟಿದ್ದು ಜಾಸ್ತಿಯಾದರೆ ನೀನು ಅಳೆಯುವುದು ನಿನ್ನನ್ನೇ.

ಪಟ್ಟಿಯ ಆಚೆ ಇಪ್ಪತ್ತನಾಲ್ಕು ವೋಲ್ಟು, ಈಚೆಯೂ
ಇಪ್ಪತ್ತನಾಲ್ಕೇ, ಕೂದಲೆಳೆಯಷ್ಟು ಕಡಿಮೆ.
ಚಿಪ್ಪಿಗೆ (“ಮರುವಾಯಿಯದ್ದಾ?” ಅಂತ ಲೋಕಯ್ಯಣ್ಣ ನಕ್ಕರು)
ಆ ದೊಡ್ಡ ಸಂಖ್ಯೆಯ ಗೊಡವೆಯಿಲ್ಲ.
ಇಬ್ಬರೂ ಎಷ್ಟೆತ್ತರದಲ್ಲಿ ನಿಂತಿದ್ದಾರೆಂದು ಕೇಳದು,
ನಡುವಿನ ಎಳೆಯನ್ನಷ್ಟೇ ಹಿಡಿದು, ಇಪ್ಪತ್ತು ಪಟ್ಟು ಹಿಗ್ಗಿಸಿ
ನನ್ನ ಕಡೆ ದೂಡುತ್ತದೆ.
ಆ ಎರಡು ನೂಲುತಂತಿ ಪಟ್ಟಿಯ ಒಳಬದಿಯಿಂದಲೇ ಏಳಬೇಕು.
ಒಂದು ಮಿಲಿಮೀಟರ್ ಆಚೆಯಾದರೆ ಬೆಸುಗೆಯೂ ಬಾಯಿ ಹಾಕಿ
ಸಾಕ್ಷಿ ಕೆಡುತ್ತದೆ. ಎರಡು ಸಲ ಕಿತ್ತೆ, ಎರಡು ಸಲ ಹಾಕಿದೆ.
ಸೊನ್ನೆಯನ್ನು ತಳದಲ್ಲಿಡದೆ ನಡುವಿಗೆ ಎತ್ತಿ ಕಟ್ಟಿದೆ:
ತುಂಬಿದರೆ ಗೆರೆ ಮೇಲೆ, ಬಸಿದರೆ ಕೆಳಗೆ.

ಐದು ರಾತ್ರಿ.
ಹನ್ನೊಂದು ಹತ್ತಕ್ಕೆ ಗೆರೆ ಒಂದು ಸಣ್ಣ ಮೆಟ್ಟಿಲು ಇಳಿಯಿತು,
ಆಂಪಿಯರಿನ ಮೂರರಲ್ಲೊಂದು ಪಾಲು.
ಹನ್ನೆರಡೂವರೆಗೆ ಮತ್ತೆ ಹತ್ತಿತು. ಮರುದಿನವೂ ಹಾಗೇ.
ಇದು ಬಿಚಿತ್ರ. ಇಷ್ಟೇ ಬಿಚಿತ್ರ.
ಆದರೆ ಅವನು ಇಳಿಯುವ ಮೊದಲೂ, ಹತ್ತಿದ ಮೇಲೂ
ಗೆರೆ ಸೊನ್ನೆಗೆ ಬಂದು ಕೂತದ್ದೇ ಇಲ್ಲ.
ಎರಡು ಆಂಪಿಯರ್ ಕೆಳಗೆ, ಹಗಲಲ್ಲೂ,
ಅವನು ಗಂಜಿ ಉಣ್ಣಲು ಹೋದಾಗಲೂ.

ಆರನೆಯ ದಿನ ಬೋಟಿನ ತಳಕ್ಕಿಳಿದೆ. ಡೀಸೆಲು, ಹಳೆ ಬೂತಾಯಿ ನಾತ.
ಒಂದೊಂದೇ ತಂತಿ ಕಳಚುತ್ತ ಹೋದೆ. ನಾಲ್ಕನೆಯದಕ್ಕೆ
ಗೆರೆ ಎದ್ದು ಬಂದು ಸೊನ್ನೆಯಲ್ಲಿ ಮಲಗಿತು.
ಪಂಪಿನದೇ ಫ್ಲೋಟ್ ಸ್ವಿಚ್ಚು. ಉಪ್ಪು ಕಟ್ಟಿ ಬೆಳ್ಳಗೆ,
ಒಳಗೊಳಗೇ ಸೋರುತ್ತಿತ್ತು,
ಬೋಟು ಮುಳುಗದಂತೆ ಕಾಯಲು ಇಟ್ಟದ್ದು.

ಲೋಕಯ್ಯಣ್ಣನಿಗೆ ಕಾಗದ ತೋರಿಸಿದೆ. ಬೆರಳಿಟ್ಟು ನೋಡಿದರು.
“ಸ್ವಿಚ್ಚಿಗೆ ಎಷ್ಟಾಗ್ತದೆ?”
ಬಟವಾಡೆಯ ಮಾತು ಬರಲಿಲ್ಲ. ನಾನು ಬಿಲ್ಲಿನಲ್ಲಿ ಬರೆದೆ:
ಸ್ವಿಚ್ಚು ಒಂದು. ಕೂಲಿ, ಒಂದು ದಿನ.
ಹುಡುಗನದ್ದು, ಎರಡು ವಾರ.
ಮೂರನೆಯ ಸಾಲನ್ನು ಅವರು ತುಂಬ ಹೊತ್ತು ಓದಿದರು.

ಬೋರ್ಡು ಇನ್ನೂ ಅಲ್ಲೇ ಉಂಟು. ಹನ್ನೊಂದು ಹತ್ತಕ್ಕೆ
ನನ್ನ ಪರದೆಯಲ್ಲಿ ಮೆಟ್ಟಿಲು ಇಳಿಯುತ್ತದೆ, ಈಗ ಸೊನ್ನೆಯಿಂದ.
ಕಳೆದ ಮಂಗಳವಾರ ಇಳಿಯಲಿಲ್ಲ. ಬುಧವಾರವೂ.
ಗುರುವಾರ ದಕ್ಕೆಗೆ ಹೋಗಿ ಕೇಳಿದೆ.
ಬಲೆಯ ರಾಶಿಯ ಮೇಲೆ ಕೂತಿದ್ದ. ಫೋನು ತುಂಬಿಯೇ ಇತ್ತು.
ಕರೆಂಟು ಉಂಟಂತೆ,
ಕರೆನ್ಸಿ ಇಲ್ಲವಂತೆ.